ಒಕ್ಕಲಿಗರ ಮನೆಯಲ್ಲಿ ಉಪ್ಪಿನ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಜಮೀನುದಾರರು ತೊಗರಿಯ ಕಾಯಿಕೊರಕ ಹುಳ, ದನಗಳ ಕಾಲುಬಾಯಿ ಬೇನೆ, ಕಾಲುವೆಯ ಕೆಳಗಣ ಭೂಮಿಗೆ ಹತ್ತುವ ಸವಳು ಇವುಗಳ ವಿಷಯದಲ್ಲಿ ಎಷ್ಟು ಜಾಗರೂಕರೋ ಸ್ವಂತ ದೇಹದ ವಿಷಯದಲ್ಲಿ ಅಷ್ಟೇ ಉದಾಸೀನರು. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ದನದ ದವಾಖಾನೆಗೆ ಓಡುವ ಗೃಹಸ್ಥನು, ತನ್ನ ರಕ್ತದ ಒತ್ತಡವು ಎಷ್ಟಿದೆಯೆಂದು ಯಾರಾದರೂ ಕೇಳಿದರೆ, ತನಗೆ ಅಂಥ ಬೇನೆಯೇನೂ ಇಲ್ಲವೆಂದು ನಕ್ಕುಬಿಡುವನು. ಅವನು ಬೇಕೆಂದು ಸುಳ್ಳು ಹೇಳುವನೆಂದಲ್ಲ. ಈ ವ್ಯಾಧಿಯು ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಜ್ವರ ತರುವುದಿಲ್ಲ, ಹಸಿವೆಯನ್ನು ಕೆಡಿಸುವುದಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಬೆಳಗಿನ ಜಾವದಲ್ಲಿ ಒಂದು ಕೈ ಒಂದು ಕಾಲಿನ ಬಲವನ್ನು ಕಸಿದುಕೊಂಡು, ಬಾಯನ್ನು ಸೊಟ್ಟ ಮಾಡಿ, ಮನೆಯ ಯಜಮಾನನನ್ನು ಹಾಸಿಗೆಗೆ ಹಾಕುವುದು. ಜನರು ಅದಕ್ಕೆ ಲಕ್ವಾ ಹೊಡೆಯಿತೆನ್ನುವರು. ಲಕ್ವಾದ ಹಿಂದೆ ಬಹುಮಟ್ಟಿಗೆ ಇದ್ದದ್ದು ಈ ಒತ್ತಡವೇ ಎಂಬುದು ಅವರ ಲಕ್ಷ್ಯಕ್ಕೆ ಬರುವುದಿಲ್ಲ.

ಐವತ್ತು ವರ್ಷದ ಯಜಮಾನನು ಹೀಗೆ ಮಲಗಿದ ಮೇಲೆ ಆ ಮನೆಯ ಒಕ್ಕಲುತನದ ಗತಿಯೇನಾಗುವುದೆಂಬುದನ್ನು ಪ್ರತಿಯೊಂದು ಊರಿನ ಹಿರಿಯರೂ ಕಂಡಿರುವರು. ಹಿಂಗಾರಿಯ ಬಿತ್ತಿಗೆಯ ಹದವು ತಪ್ಪುವುದು. ಹೊಲವನ್ನು ಲಾವಣಿಗೆ ಕೊಡಬೇಕಾಗುವುದು. ಓದಲು ಹೋದ ಮಗನು ಓದು ಬಿಟ್ಟು ಬರುವನು. ವಿಜಯಪುರ, ಸೊಲ್ಲಾಪುರಗಳ ದವಾಖಾನೆಯ ಖರ್ಚಿಗಾಗಿ ಒಳ್ಳೆಯ ಎರೆಯ ಹೊಲವೇ ಒತ್ತಿಬೀಳುವುದೂ ಉಂಟು. ಬೆಳೆಯ ಹಾನಿಗೆ ವಿಮೆಯುಂಟು. ಈ ಹಾನಿಯನ್ನು ತುಂಬಿಕೊಡುವವರಿಲ್ಲ. ಆದುದರಿಂದ ಒಕ್ಕಲುತನದ ಮಾಸಪತ್ರಿಕೆಯಲ್ಲಿ ರಕ್ತದೊತ್ತಡದ ಮಾತೇಕೆಂದು ಯಾರೂ ಹುಬ್ಬೇರಿಸಬೇಕಾದ ಕಾರಣವಿಲ್ಲ. ಮೇಲಾಗಿ ಇದನ್ನು ಅಂಕೆಯಲ್ಲಿಡುವ ಸಾಧನಗಳಲ್ಲಿ ಅರ್ಧವು ಹೊಲ, ಹಿತ್ತಲ ಮತ್ತು ಅಡಿಗೆಮನೆಯಲ್ಲಿಯೇ ಇರುವವು. ಈ ತಾಲೂಕುಗಳನ್ನು ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲೂಕುಗಳನ್ನು ಮಾಡಿದ್ದರೂ ಊಟದ ಪದ್ಧತಿಯು ಎಲ್ಲ ಕಡೆಗೂ ಒಂದೇ ಆಗಿರುವುದರಿಂದ ಇಲ್ಲಿ ಹೇಳುವ ಮಾತು ಇಡೀ ಸೀಮೆಗೆ ಅನ್ವಯಿಸುವುದು.

೨೦೧೯ರಿಂದ ೨೦೨೧ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ೧೫ ವರ್ಷ ಮತ್ತು ಮೇಲ್ಪಟ್ಟ ಗಂಡಸರಲ್ಲಿ ನೂರಕ್ಕೆ ೨೪ ಜನರಿಗೂ ಹೆಂಗಸರಲ್ಲಿ ನೂರಕ್ಕೆ ೨೧ ಜನರಿಗೂ ಒತ್ತಡವು ಹೆಚ್ಚಾಗಿರುವುದು ಅಥವಾ ಅವರು ಅದಕ್ಕಾಗಿ ಔಷಧ ಸೇವಿಸುತ್ತಿರುವರು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಈ ಪ್ರಮಾಣವು ಸ್ವಲ್ಪ ಮಾತ್ರ ಕಡಿಮೆ. ಇದು ಪೇಟೆಯ ಶ್ರೀಮಂತರ ಬೇನೆಯೆಂಬ ಹಳೆಯ ಭಾವನೆಯನ್ನು ಇನ್ನು ಬಿಡತಕ್ಕದ್ದು.

ಒತ್ತಡವೆಂದರೇನೆಂಬುದು ಪಂಪಸೆಟ್ಟು ಇಟ್ಟುಕೊಂಡವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೃದಯವು ಪಂಪು, ರಕ್ತನಾಳಗಳು ಕೊಳವೆಗಳು. ಕೊಳವೆಯು ಬಿರುಸಾದರೆ ಇಲ್ಲವೆ ಇಕ್ಕಟ್ಟಾದರೆ ಪಂಪಿಗೆ ಭಾರ ಬೀಳುವುದು, ಬೆಸುಗೆಗಳು ಒಡೆಯುವುದು ಇದ್ದದ್ದೇ. ವಿನೋದವೆಂದರೆ, ರಕ್ತದ ಒತ್ತಡವನ್ನು ಮೊದಲು ಅಳೆದವನೂ ಗಿಡಬಳ್ಳಿಗಳನ್ನು ಪರೀಕ್ಷಿಸುತ್ತಿದ್ದ ಮನುಷ್ಯನೇ. ಇಂಗ್ಲಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯು ಕತ್ತರಿಸಿದ ದ್ರಾಕ್ಷಿಯ ಬಳ್ಳಿಗೆ ಗಾಜಿನ ನಳಿಗೆಯನ್ನು ಜೋಡಿಸಿ ಅದರ ರಸವು ಎಷ್ಟು ಎತ್ತರಕ್ಕೆ ಏರುವುದೆಂದು ನೋಡಿ ೧೭೨೭ರಲ್ಲಿ ಪುಸ್ತಕವನ್ನು ಅಚ್ಚು ಹಾಕಿಸಿದನು. ಅದೇ ರೀತಿಯಾಗಿ ಒಂದು ಹೆಣ್ಣು ಕುದುರೆಯನ್ನು ಕಟ್ಟಿ ಕೆಡವಿ ಅದರ ತೊಡೆಯ ರಕ್ತನಾಳಕ್ಕೆ ನಳಿಗೆಯನ್ನು ಜೋಡಿಸಲು, ರಕ್ತವು ೮ ಅಡಿ ೩ ಅಂಗುಲ ಎತ್ತರಕ್ಕೆ ಏರಿತು. ಈ ಸಂಗತಿಯನ್ನು ಅವನು ೧೭೩೩ರಲ್ಲಿ ಪ್ರಕಟಿಸಿದನು. ಕುದುರೆಯ ಪ್ರಾಣಕ್ಕೆ ಬಂದ ಈ ವಿಧಾನವನ್ನು ಮನುಷ್ಯನ ಮೇಲೆ ನಡೆಸುವಂತಿರಲಿಲ್ಲ. ೧೮೯೬ರಲ್ಲಿ ಇಟಲಿಯ ರಿವಾ ರೋಚಿ ಎಂಬ ವೈದ್ಯನು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿ ಪಾದರಸದ ಕಂಬದಿಂದ ಅಳೆಯುವ ಉಪಕರಣವನ್ನು ಮಾಡಿದನು. ಈಗ ಆಶಾ ಕಾರ್ಯಕರ್ತೆಯರು ಮನೆಗೆ ತರುವ ಯಂತ್ರವೂ ಅದರ ವಂಶದ್ದೇ. ಎರಡು ಬೇರೆ ಬೇರೆ ದಿನಗಳಲ್ಲಿ ಅಳೆದಾಗ ಮೇಲಿನ ಅಂಕಿಯು ೧೪೦ ಅಥವಾ ಕೆಳಗಿನ ಅಂಕಿಯು ೯೦ ಇಲ್ಲವೆ ಅದಕ್ಕೂ ಹೆಚ್ಚಾಗಿದ್ದರೆ ಒತ್ತಡವು ಮಿತಿ ಮೀರಿದೆಯೆಂದು ವೈದ್ಯರು ಎಣಿಸುವರು. ಪಾದರಸದ ೧೪೦ ಮಿಲ್ಲಿಮೀಟರೆಂದರೆ ನೀರಿನ ಲೆಕ್ಕದಲ್ಲಿ ಸುಮಾರು ೧.೯ ಮೀಟರಿನ ಕಂಬ, ಅಂದರೆ ಆಳೆತ್ತರಕ್ಕೂ ಮಿಗಿಲು. ಎದೆಯೊಳಗಿನ ಮುಷ್ಟಿಯಷ್ಟು ಪಂಪು ಹಗಲೂ ರಾತ್ರಿಯೂ ಈ ಏತವನ್ನು ಎತ್ತಬೇಕು.

ಇನ್ನು ಉಪ್ಪಿನ ಮಾತು. ಸವಳು ಭೂಮಿಯನ್ನು ಕಂಡವರಿಗೆ ಇದೂ ಸುಲಭವಾಗಿ ತಿಳಿಯುವುದು. ನೀರಿನೊಡನೆ ಬಂದ ಲವಣವು ಬಸಿದುಹೋಗಲು ದಾರಿಯಿಲ್ಲದಿದ್ದರೆ ಎರೆಭೂಮಿಯಲ್ಲಿ ನಿಂತು ಬೆಳೆಯನ್ನು ಕೆಡಿಸುವಂತೆ, ಮೂತ್ರಪಿಂಡಗಳು ಹೊರಹಾಕಬಲ್ಲುದಕ್ಕಿಂತ ಹೆಚ್ಚು ಉಪ್ಪು ಹೊಟ್ಟೆಗೆ ಹೋದರೆ ಅದು ಶರೀರದಲ್ಲಿ ನೀರನ್ನು ಹಿಡಿದಿಟ್ಟುಕೊಂಡು ರಕ್ತದ ಪ್ರಮಾಣವನ್ನು ಹೆಚ್ಚಿಸುವುದು, ನಾಳಗಳನ್ನು ಬಿರುಸು ಮಾಡುವುದು. ಪ್ರಾಪ್ತವಯಸ್ಕನಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ಇದು ಚಹದ ಚಮಚೆಯಲ್ಲಿ ಮಟ್ಟವಾಗಿ ಒಂದರಷ್ಟು. ನಮ್ಮ ದೇಶದವರು ತಿನ್ನುವುದು ಸರಾಸರಿ ೮ ಗ್ರಾಮು ಅಥವಾ ಅದಕ್ಕೂ ಮೇಲೆ.

ಈ ವಿಷಯದಲ್ಲಿ ಬಿಜಾಪುರ ಸೀಮೆಯವರ ಭಾಗ್ಯವು ಒಂದು ಕಡೆಗೆ ದೊಡ್ಡದು, ಇನ್ನೊಂದು ಕಡೆಗೆ ಅವರೇ ಅದನ್ನು ಕಳೆದುಕೊಂಡಿರುವರು. ಬಿಳಿಜೋಳದ ರೊಟ್ಟಿಗೆ ಹಿಟ್ಟು ಮತ್ತು ಬಿಸಿನೀರು ಸಾಕು, ಉಪ್ಪು ಬೇಕಿಲ್ಲ. ಪಶ್ಚಿಮ ದೇಶಗಳಲ್ಲಿ ಜನರ ಹೊಟ್ಟೆಗೆ ಹೋಗುವ ಉಪ್ಪಿನಲ್ಲಿ ದೊಡ್ಡ ಪಾಲು ಅವರ ಬ್ರೆಡ್ಡಿನಿಂದಲೇ ಬರುವುದರಿಂದ, ಅದನ್ನು ಕಡಿಮೆ ಮಾಡಲು ಅಲ್ಲಿಯ ಸರ್ಕಾರಗಳು ಕಾರಖಾನೆಗಳೊಡನೆ ಹೆಣಗಬೇಕಾಗಿದೆ. ಇಲ್ಲಿ ಮುಖ್ಯ ಆಹಾರವೇ ಉಪ್ಪಿಲ್ಲದ್ದು. ಆದರೆ ರೊಟ್ಟಿಯ ಮಗ್ಗುಲಿಗೆ ಗಂಗಾಳದಲ್ಲಿ ಬಂದು ಕೂಡ್ರುವ ಪರಿವಾರವನ್ನು ನೋಡಬೇಕು: ಶೇಂಗಾದ ಹಿಂಡಿ, ಅಗಸಿಯ ಹಿಂಡಿ, ಗುರೆಳ್ಳಿನ ಹಿಂಡಿ, ರಂಜಕ, ಲಿಂಬೆಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಹಾಕಿದ ಮಜ್ಜಿಗೆ. ಇವುಗಳಲ್ಲಿ ಒಂದೊಂದೂ ಸ್ವಲ್ಪವೇ. ಕೂಡಿಸಿದರೆ ದಿನದ ಪಾಲು ಒಂದೇ ಊಟದಲ್ಲಿ ಮುಗಿದುಹೋಗುವುದು. ಉಪ್ಪಿನಕಾಯಿಯಲ್ಲಿ ತೂಕದ ಹತ್ತರಲ್ಲೊಂದು ಪಾಲಾದರೂ ಉಪ್ಪಿರುವುದು ಸಾಮಾನ್ಯ. ಎರಡು ಹೋಳು ತಿಂದವನು ದಿನದ ಉಪ್ಪಿನಲ್ಲಿ ಐದನೆಯ ಒಂದು ಪಾಲನ್ನು ಅಲ್ಲಿಯೇ ತೀರಿಸಿದಂತಾಯಿತು. ಹಪ್ಪಳಕ್ಕೆ ಹಾಕುವ ಖಾರವೂ, ಮಿರ್ಚಿ ಭಜಿಗೆ ಹಾಕುವ ಸೋಡಾವೂ ಉಪ್ಪಿನ ಬಳಗದವೇ ಎಂಬುದನ್ನು ಬಹಳ ಜನರು ಅರಿಯರು. ಸಂಜೆಯ ಹೊತ್ತು ಬಸ್ಸಿನ ನಿಲ್ದಾಣದಲ್ಲಿ ಭಜಿ, ಚುರುಮುರಿ, ಮನೆಯಲ್ಲಿ ಮೊಮ್ಮಕ್ಕಳು ಬಿಟ್ಟ ಪೊಟ್ಟಣದ ಕುರುಕಲು, ಇವನ್ನು ಯಾವ ಯಜಮಾನನೂ ಊಟದ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಡೋಣಿಯ ದಂಡೆಯಲ್ಲಿ ಸವಳು ನೀರಿನ ಬಾವಿ, ಕೊಳವೆಬಾವಿಗಳ ನೀರನ್ನೇ ಕುಡಿಯುವವರು ಆ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸತಕ್ಕದ್ದು. ಉಪ್ಪು ಅಲ್ಲಿಂದಲೂ ಹೊಟ್ಟೆ ಸೇರುವುದು.

ಗಂಗಾಳದಲ್ಲಿ ಉಪ್ಪನ್ನು ತೂಗುತ್ತ ಕೂಡ್ರುವುದು ಯಾರಿಂದಲೂ ಆಗದ ಕೆಲಸ. ಆದರೆ ಜಮೀನುದಾರರಿಗೆ ತಕ್ಕ ಒಂದು ಸುಲಭವಾದ ಲೆಕ್ಕವಿದೆ. ಮನೆಯಲ್ಲಿ ಆರು ಜನ ಪ್ರಾಪ್ತವಯಸ್ಕರಿದ್ದರೆ ದಿನಕ್ಕೆ ೩೦ ಗ್ರಾಮು, ೩೦ ದಿನಕ್ಕೆ ೯೦೦ ಗ್ರಾಮು. ಕಿರಾಣಿ ಅಂಗಡಿಯಿಂದ ತಂದ ೧ ಕಿಲೋ ಉಪ್ಪಿನ ಪೊಟ್ಟಣವು ತಿಂಗಳು ದಾಟಿ ಮೂರು ದಿನ ಬರಬೇಕು. ಪೊಟ್ಟಣದ ಮೇಲೆ ಒಡೆದ ದಿನಾಂಕವನ್ನು ಬರೆದಿಟ್ಟರೆ ಸಾಕು. ಅದು ೧೫ ದಿನಕ್ಕೇ ಬರಿದಾದರೆ ಮನೆಯವರು ಇಮ್ಮಡಿ ಉಪ್ಪು ತಿನ್ನುತ್ತಿರುವರೆಂದು ತಿಳಿಯತಕ್ಕದ್ದು. ದನಗಳಿಗೆ ಕೊಡುವ ಉಪ್ಪನ್ನು ಇದರಿಂದ ಬೇರೆ ಇಡಬೇಕು. ಆಳುಮಕ್ಕಳ ಬುತ್ತಿ ಇದೇ ಮನೆಯಿಂದ ಹೋಗುತ್ತಿದ್ದರೆ ಅವರ ತಲೆಗಳನ್ನೂ ಹಿಡಿಯಬೇಕು. ಉಪ್ಪಿನಕಾಯಿ ಹಾಕುವ ಕಾಲದಲ್ಲಿ ಸುರಿದ ಉಪ್ಪನ್ನು ಹನ್ನೆರಡು ತಿಂಗಳಿಗೆ ಹಂಚಿ ಸೇರಿಸಬೇಕು. ಗೊಬ್ಬರದ ಚೀಲ ಎಕರೆಗೆ ಎಷ್ಟು ಬಿದ್ದಿತೆಂಬುದನ್ನು ಬರೆದಿಡುವ ಗೃಹಸ್ಥನಿಗೆ ಇದು ದೊಡ್ಡ ಮಾತಲ್ಲ.

ಉಪ್ಪನ್ನು ಇಳಿಸಿದ ಮೊದಲಿನ ಎರಡು ಮೂರು ವಾರ ಊಟವು ಸಪ್ಪೆಯೆನಿಸುವುದು ನಿಜ. ಆಮೇಲೆ ನಾಲಗೆಯು ಒಗ್ಗಿಕೊಂಡು, ಹಿಂದಿನ ಅಡಿಗೆಯೇ ಉಪ್ಪಾಗಿ ತೋರುವುದು. ಈ ನಡುವಣ ವಾರಗಳನ್ನು ದಾಟಿಸಲು ಹುಳಿಯಂಥ ಸಹಾಯಕವು ಬೇರೊಂದಿಲ್ಲ. ಹುಳಿಯು ಇದ್ದಲ್ಲಿ ನಾಲಗೆಯು ಉಪ್ಪನ್ನು ಅಷ್ಟಾಗಿ ಬಯಸುವುದಿಲ್ಲ. ಇಂಡಿಯ ಲಿಂಬೆಯು ನಾಡಿನಲ್ಲೆಲ್ಲ ಹೆಸರಾದದ್ದು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲಿಯೇ ಇದೆ. ಆದರೆ ಲಿಂಬೆ ಬೆಳೆಯುವ ಮನೆಯಲ್ಲಿ ಅದನ್ನು ಕಾಣುವುದು ಹೆಚ್ಚಾಗಿ ಉಪ್ಪಿನ ಭರಣಿಯೊಳಗೆ! ಹಸಿಯ ಲಿಂಬೆಯ ರಸವನ್ನು ಬೇಳೆ, ಪಲ್ಲೆ, ಕೋಸಂಬರಿಗಳ ಮೇಲೆ ಹಿಂಡಿಕೊಳ್ಳುವ ರೂಢಿಯಾದರೆ ಅದೇ ಹಣ್ಣು ಅಪಾಯವಾಗುವ ಬದಲು ಉಪಾಯವಾಗುವುದು. ಪುಂಡಿಪಲ್ಲೆಯ ಹುಳಿ, ಹುಣಸೆ, ಬೆಳ್ಳುಳ್ಳಿ, ಕೊತ್ತಂಬರಿ, ಹುರಿದ ಎಳ್ಳು ಇವೆಲ್ಲ ಇದೇ ಕೆಲಸಕ್ಕೆ ಬರುವವು. ಹಿಂಡಿಗಳನ್ನು ಬಿಡಬೇಕಾಗಿಲ್ಲ, ಕುಟ್ಟುವಾಗ ಹಾಕುವ ಉಪ್ಪನ್ನು ಅರ್ಧ ಮಾಡಿದರೆ ಶೇಂಗಾ, ಅಗಸಿಗಳ ಗುಣವೆಲ್ಲ ಉಳಿಯುವುದು.

ಇಲ್ಲಿ ಅಡಿಗೆ ಮಾಡುವವರ ಪಕ್ಷವನ್ನು ಹಿಡಿದು ಒಂದು ಮಾತನ್ನು ಹೇಳಲೇಬೇಕು. ವೈದ್ಯರು ಉಪ್ಪು ಕಡಿಮೆ ಮಾಡಿರೆಂದು ಹೇಳಿ ಕಳಿಸಿದ ಮೇಲೆ, ಮನೆಯಾಕೆ ಹಾಗೆ ಮಾಡಿದರೆ ಸಪ್ಪೆಯಾಯಿತೆಂದು ಗಂಗಾಳವನ್ನು ದೂಡುವವನೂ ಯಜಮಾನನೇ, ಮಾಡದಿದ್ದರೆ ನಾಳೆ ಬೇನೆ ಹೆಚ್ಚಾದಾಗ ಅವಳನ್ನು ಬೈಯುವವನೂ ಅವನೇ. ಯಜಮಾನನಿಗೆಂದು ಬೇರೆ ಸಪ್ಪೆ ಅಡಿಗೆ, ಉಳಿದವರಿಗೆ ಬೇರೆ, ಎಂಬ ಏರ್ಪಾಡು ಎರಡು ವಾರವೂ ನಡೆಯದು. ಮನೆಯ ಒಲೆಗೆಲ್ಲ ಒಂದೇ ಅಳತೆಯಾಗಬೇಕು. ಅದರಿಂದ ಯಾರಿಗೂ ಕೆಡುಕಿಲ್ಲ.

ಬಿಸಿಲಲ್ಲಿ ದುಡಿಯುವವನಿಗೆ ಉಪ್ಪು ಬೇಡವೇ ಎಂದು ಕೇಳುವವರುಂಟು. ಪ್ರಶ್ನೆಯು ಯೋಗ್ಯವಾದದ್ದೇ. ಬೆವರಿನೊಡನೆ ಉಪ್ಪು ಹೋಗುವುದು. ವೈಶಾಖದ ಬಿಸಿಲಲ್ಲಿ ದಿನವಿಡೀ ಕೆಲಸ ಮಾಡುವ ಕೂಲಿಯವನಿಗೆ ನೀರಿನ ಜತೆಗೆ ಅಷ್ಟಿಷ್ಟು ಉಪ್ಪು ಬೇಕಾಗುವುದು, ವಾಂತಿಭೇದಿಯಾದವನಿಗಂತೂ ಉಪ್ಪು ಸಕ್ಕರೆಯ ನೀರೇ ಪ್ರಾಣ. ಆದರೆ ಈ ನ್ಯಾಯವನ್ನು ಮುಂದೆ ಮಾಡಿ ಉಪ್ಪಿನಕಾಯಿಯ ಭರಣಿಗೆ ಕೈ ಹಾಕುವವನು ಕೂಲಿಯವನಲ್ಲ, ಕಟ್ಟೆಯ ಮೇಲೆ ಕುಳಿತ ಮಾಲಕನು. ಅಜ್ಜನು ಎಂಟು ಎತ್ತಿನ ಒಕ್ಕಲುತನ ಮಾಡಿ ಹೊಲದಿಂದ ಹೊಲಕ್ಕೆ ಹರದಾರಿಗಟ್ಟಲೆ ನಡೆದು ಬೆವರಿಳಿಸಿ ತಿಂದ ಉಪ್ಪನ್ನು, ಟ್ರ್ಯಾಕ್ಟರು ಮಾಡಿಸಿ ಮೋಟಾರುಸೈಕಲ್ಲಿನ ಮೇಲೆ ಹೊಲ ನೋಡಿ ಬರುವ ಮೊಮ್ಮಗನೂ ತಿನ್ನುತ್ತಿರುವನು. ಆಲಮಟ್ಟಿ, ನಾರಾಯಣಪುರಗಳ ನೀರು ಬಂದ ಮೇಲೆ ಬೆಳೆಗಳು ಬದಲಾದವು, ದುಡಿಮೆಯ ರೀತಿಯು ಬದಲಾಯಿತು. ಊಟದ ಅಳತೆಯು ಮಾತ್ರ ಹಾಗೆಯೇ ಉಳಿಯಿತು. ಹೊಟ್ಟೆಯು ಧೋತರದ ಮೇಲೆ ಬರಲು ಇದೇ ಕಾರಣ. ತೂಕ ಹೆಚ್ಚಿದವನು ಒಂದು ಕಿಲೋ ಇಳಿಸಿದರೆ ಒತ್ತಡವು ಸರಾಸರಿ ಒಂದು ಮಿಲ್ಲಿಮೀಟರಿನಷ್ಟು ಇಳಿಯುವುದು. ಐದಾರು ಕಿಲೋ ಇಳಿಸಿದವನಿಗೆ ಒಂದು ಮಾತ್ರೆಯಷ್ಟು ಫಲ ಸಿಕ್ಕುವುದುಂಟು. ಇದಕ್ಕಾಗಿ ಪೇಟೆಯ ವ್ಯಾಯಾಮಶಾಲೆ ಬೇಡ. ಮೋಟಾರುಸೈಕಲ್ಲನ್ನು ಊರಲ್ಲಿಯೇ ಬಿಟ್ಟು ದಿನಾಲು ಅರ್ಧ ಗಂಟೆ ಒಡ್ಡಿನ ಗುಂಟ ಬಿರುಸಾಗಿ ನಡೆದರೆ ಆಯಿತು. ಬೆಳೆಗೆ ಬಂದ ರೋಗವನ್ನು ವಾಹನದ ಮೇಲಿಂದ ಕಾಣಲಾಗುವುದಿಲ್ಲವಾದ್ದರಿಂದ ಹೊಲಕ್ಕೂ ಇದರಿಂದ ಲಾಭವೇ.

ನಿದ್ರೆಯ ಮಾತು ಕಠಿಣವಾದದ್ದು. ಪಂಪಸೆಟ್ಟಿಗೆ ಮೂರು ಫೇಜಿನ ವಿದ್ಯುತ್ತು ರಾತ್ರಿ ಬಂದರೆ ರಾತ್ರಿಯೇ ನೀರು ಹಾಯಿಸಬೇಕು. ಕಬ್ಬು ಮತ್ತು ಲಿಂಬೆಯವರು ವಾರಗಟ್ಟಲೆ ನಿದ್ದೆಗೆಡುವರು. ನಿದ್ದೆಗೆಟ್ಟವನ ಒತ್ತಡವು ಏರುವುದೆಂಬುದು ವೈದ್ಯರ ಅನುಭವ. ಪಾಳಿಯ ವೇಳೆಯನ್ನು ಬದಲಿಸುವುದು ರೈತನ ಕೈಯಲ್ಲಿಲ್ಲ. ಆದರೂ ಹನಿ ನೀರಾವರಿ ಮಾಡಿಕೊಂಡವನು ಕತ್ತಲಲ್ಲಿ ಮಡಿ ತಿರುವುತ್ತ ನಿಲ್ಲಬೇಕಾಗಿಲ್ಲ, ಅಣ್ಣತಮ್ಮಂದಿರು ಸರದಿ ಮಾಡಿಕೊಂಡರೆ ಒಬ್ಬನೇ ಸವೆಯಬೇಕಾಗಿಲ್ಲ. ತಂಬಾಕು, ಬೀಡಿ, ಸೆರೆಗಳ ವಿಷಯವನ್ನು ಬೆಳೆಸಿ ಬರೆಯುವುದು ಬೇಡ. ತಂಬಾಕನ್ನು ಬಾಯಲ್ಲಿಟ್ಟುಕೊಂಡೇ ಒತ್ತಡದ ಮಾತ್ರೆ ನುಂಗುವವನು, ಒಡ್ಡನ್ನು ಒಂದು ಕಡೆಗೆ ಕಟ್ಟಿ ಇನ್ನೊಂದು ಕಡೆಗೆ ಕಡಿಯುವವನ ಸರಿ.

ಉಪ್ಪನ್ನು ಇಳಿಸುವುದರ ಜತೆಗೆ ಏರಿಸಬೇಕಾದದ್ದೂ ಇದೆ. ಗೊಬ್ಬರದ ಚೀಲದ ಮೇಲಿನ ಮೂರನೆಯ ಅಂಕಿಯಾದ ಪೊಟ್ಯಾಶು ಬೆಳೆಗೆ ಹೇಗೋ ಹಾಗೆ ಮನುಷ್ಯನಿಗೂ ಬೇಕು. ಅದು ಉಪ್ಪಿನ ದುಷ್ಪರಿಣಾಮವನ್ನು ತಗ್ಗಿಸುವುದು. ಮನುಷ್ಯನು ಅದನ್ನು ಪಡೆಯಬೇಕಾದದ್ದು ಕಾಯಿಪಲ್ಲೆ, ಕಾಳುಬೇಳೆ, ಹಣ್ಣು, ಹಾಲುಮೊಸರುಗಳಿಂದ. ಅಮೇರಿಕೆಯಲ್ಲಿ ೧೯೯೭ರಲ್ಲಿ ಪ್ರಕಟವಾದ ಒಂದು ಹೆಸರಾದ ಪ್ರಯೋಗದಲ್ಲಿ ಉಪ್ಪನ್ನು ಬದಲಿಸದೆ ಬರಿಯ ಕಾಯಿಪಲ್ಲೆ, ಹಣ್ಣು, ಕೊಬ್ಬು ತೆಗೆದ ಹಾಲುಗಳನ್ನು ಹೆಚ್ಚಿಸಿದ್ದರಿಂದಲೇ ಒತ್ತಡವು ಇಳಿಯಿತು. ಉಪ್ಪನ್ನೂ ಕೂಡ ಕಡಿಮೆ ಮಾಡಿದಾಗ ಇನ್ನೂ ಇಳಿಯಿತೆಂದು ೨೦೦೧ರಲ್ಲಿ ತೋರಿಬಂದಿತು. ಬಿಜಾಪುರ ಸೀಮೆಯಲ್ಲಿ ಇದಕ್ಕೆ ಹೊಸ ಆಹಾರವನ್ನು ಕಲಿಯಬೇಕಾಗಿಲ್ಲ. ತೊಗರಿ, ಹೆಸರು, ಮಡಕಿ, ಕಡಲೆಗಳು ಹೊಲದಲ್ಲಿವೆ. ಮೆಂತ್ಯ, ರಾಜಗಿರಿ, ಹಕ್ಕರಿಕೆ, ಎಳೆಯ ಮೂಲಂಗಿ, ಸವತಿಕಾಯಿಗಳನ್ನು ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ಒಳ್ಳೆಯ ಪದ್ಧತಿ ಇದೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತು ತಿನ್ನುವ ಪಲ್ಲೆಯನ್ನು ಉಳಿದ ದಿನಗಳಲ್ಲಿಯೂ ತಿಂದರೆ ಸಾಕು. ಜಮೀನುದಾರರು ಎರಡು ಗುಂಟೆ ಹಿತ್ತಲನ್ನು ಕಾಯಿಪಲ್ಲೆಗೆ ಬಿಡಬಾರದೇ? ನೂರು ಎಕರೆಯವನು ಸಂತೆಯಲ್ಲಿ ಕೊತ್ತಂಬರಿ ಕೊಳ್ಳುವುದನ್ನು ನೋಡಿದರೆ ನಗೆ ಬರುವುದು.

ಜೋಳ, ಸಜ್ಜೆಗಳನ್ನು ತಿಂದರೆ ಬೀಪಿ ವಾಸಿಯಾಗುವುದೆಂದು ಕೆಲವು ವ್ಯಾಪಾರಸ್ಥರು ಹೇಳತೊಡಗಿರುವರು. ಜೋಳವು ಒಳ್ಳೆಯ ಧಾನ್ಯ, ಅದನ್ನು ಬಿಟ್ಟು ಮೈದಾ ಹಿಡಿಯುವುದು ತಪ್ಪು. ಆದರೆ ಅದು ಔಷಧವಲ್ಲ.

ಉಪ್ಪಿನಲ್ಲಿಯೇ ಒಂದು ಬದಲಾವಣೆಯು ಈಚೆಗೆ ಬಂದಿದೆ. ಸಾಮಾನ್ಯ ಉಪ್ಪಿನ ನಾಲ್ಕನೆಯ ಒಂದು ಪಾಲನ್ನು ತೆಗೆದು ಆ ಜಾಗಕ್ಕೆ ಪೊಟ್ಯಾಶಿನ ಲವಣವನ್ನು ಸೇರಿಸಿ ಚೀನಾ ದೇಶದ ೬೦೦ ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು. ತಳಿಗಳ ಪರೀಕ್ಷೆಯಲ್ಲಿ ತಾಕುಗಳನ್ನು ಚೀಟಿ ಎತ್ತಿ ಹಂಚುವಂತೆ ಹಳ್ಳಿಗಳನ್ನೇ ಹಂಚಿ, ಅರ್ಧಕ್ಕೆ ಹೊಸ ಉಪ್ಪು, ಅರ್ಧಕ್ಕೆ ಹಳೆಯ ಉಪ್ಪು ಎಂದು ಗೊತ್ತುಮಾಡಿ, ಸುಮಾರು ೨೧ ಸಾವಿರ ಜನರನ್ನು ಐದು ವರ್ಷದ ಮಟ್ಟಿಗೆ ನೋಡಿದರು. ಇವರೆಲ್ಲರೂ ಮೊದಲೊಮ್ಮೆ ಲಕ್ವಾ ಹೊಡೆದವರು ಅಥವಾ ೬೦ ವರ್ಷ ತುಂಬಿ ಒತ್ತಡವುಳ್ಳವರು. ೨೦೨೧ರಲ್ಲಿ ಹೊರಬಿದ್ದ ಫಲಿತಾಂಶದಂತೆ ಹೊಸ ಉಪ್ಪಿನ ಹಳ್ಳಿಗಳಲ್ಲಿ ಲಕ್ವಾ ನೂರಕ್ಕೆ ೧೪ರಷ್ಟು ಕಡಿಮೆಯಾಯಿತು. ಇಂಥ ಉಪ್ಪು ನಮ್ಮಲ್ಲಿಯೂ ದೊರೆಯುವುದು. ಆದರೆ ಮೂತ್ರಪಿಂಡದ ಬೇನೆಯುಳ್ಳವರಿಗೂ, ಕೆಲವು ಔಷಧಗಳನ್ನು ಸೇವಿಸುವವರಿಗೂ ಇದು ಅಪಾಯಕರವಾದ್ದರಿಂದ ವೈದ್ಯರನ್ನು ಕೇಳದೆ ತರಬಾರದು. ಯಾವ ಉಪ್ಪನ್ನು ಕೊಂಡರೂ ಅದರಲ್ಲಿ ಅಯೋಡಿನ್ ಇರಬೇಕು.

ಆಹಾರದಿಂದಲೇ ಎಲ್ಲವೂ ಸರಿಹೋಗುವುದು, ಮಾತ್ರೆ ಬೇಡ, ಎಂಬ ಹಟವು ಉಪ್ಪಿಗಿಂತಲೂ ಕೆಟ್ಟದ್ದು. ಉಪ್ಪು ಇಳಿಸಿದರೆ ಒತ್ತಡವುಳ್ಳವರಲ್ಲಿ ಸರಾಸರಿ ಐದು ಮಿಲ್ಲಿಮೀಟರಿನಷ್ಟು ಇಳಿಯಬಹುದು. ೧೮೦ ಇದ್ದವನಿಗೆ ಅಷ್ಟರಿಂದ ಏನಾಗುವುದು? ಮಾತ್ರೆಯನ್ನು ನಾಲ್ಕು ತಿಂಗಳು ತಿಂದು, ಅಂಕಿಯು ಸರಿಯಾಯಿತೆಂದು ತಾನೇ ನಿಲ್ಲಿಸುವವರೇ ಲಕ್ವಾಕ್ಕೆ ಗುರಿಯಾಗುವುದು ಹೆಚ್ಚು. ಅಂಕಿಯು ಸರಿಯಾದದ್ದು ಮಾತ್ರೆಯಿಂದ. ಪಂಪು ನಿಲ್ಲಿಸಿದರೆ ನೀರೂ ನಿಲ್ಲುವುದು. ಗಿಡಮೂಲಿಕೆಯೇ ಬೇಕೆನ್ನುವವರು ಸರ್ಪಗಂಧಿಯ ಕಥೆಯನ್ನು ಕೇಳತಕ್ಕದ್ದು. ಈ ನಾಡಿನ ಆ ಬೇರಿಗೆ ಒತ್ತಡವನ್ನು ಇಳಿಸುವ ಶಕ್ತಿಯುಂಟೆಂದು ೧೯೩೧ರಲ್ಲಿ ಸೇನ್ ಮತ್ತು ಬೋಸ್ ಎಂಬ ವೈದ್ಯರು ಬರೆದರು; ಮುಂಬಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲರು ೧೯೪೯ರಲ್ಲಿ ರೋಗಿಗಳ ಮೇಲಿನ ತಮ್ಮ ಅನುಭವವನ್ನು ಇಂಗ್ಲಂಡಿನ ಪತ್ರಿಕೆಯಲ್ಲಿ ಪ್ರಕಟಿಸಲು ಲೋಕವೆಲ್ಲ ಇತ್ತ ನೋಡಿತು; ೧೯೫೨ರಲ್ಲಿ ಅದರ ಸತ್ವವನ್ನೂ ಬೇರ್ಪಡಿಸಿದರು. ಆದರೆ ಪ್ರಮಾಣವು ಮೀರಿದರೆ ಅದು ಮನಸ್ಸನ್ನು ಕುಗ್ಗಿಸಿ ಬಾಳನ್ನೇ ಬೇಸರಗೊಳಿಸುವುದೆಂದು ಕಂಡುಬಂದದ್ದರಿಂದ, ಹೆಚ್ಚು ನಿರಪಾಯವಾದ ಮಾತ್ರೆಗಳು ಬಂದ ಮೇಲೆ ವೈದ್ಯರು ಅದನ್ನು ಬಹುಮಟ್ಟಿಗೆ ಕೈಬಿಟ್ಟರು. ತೂಕವರಿಯದ ಬೇರನ್ನು ಸಂತೆಯಲ್ಲಿ ಕೊಂಡು ಅರೆದು ಕುಡಿಯುವುದು ಜಾಣತನವಲ್ಲ.

ಊರಿನ ಗೌಡರು, ಪಂಚಾಯತಿಯವರು ಮಾಡಬಹುದಾದ ಕೆಲಸಗಳು ಬಹಳವಿಲ್ಲ, ಆದರೆ ಅವರಿಂದಲೇ ಆಗತಕ್ಕವು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಮಾತ್ರೆಗಳು ಪುಕ್ಕಟೆಯಾಗಿ ದೊರೆಯುವವು. ೨೦೨೪ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ೩೦ ವರ್ಷ ದಾಟಿದವರನ್ನು ಮನೆಯ ಬಾಗಿಲಲ್ಲಿಯೇ ಪರೀಕ್ಷಿಸುವ ಏರ್ಪಾಡಿದೆ. ಪರೀಕ್ಷೆಗೆ ಬಂದವರನ್ನು ಜನರು ಮಾತನಾಡಿಸಿ ಕಳಿಸಿಬಿಡುವರು. ಗೌಡರು ತಾವೇ ಮೊದಲು ತೋಳು ಚಾಚಿದರೆ ಓಣಿಯೆಲ್ಲ ಚಾಚುವುದು. ಬೀಜಗೊಬ್ಬರಕ್ಕಾಗಿ ಜನರು ಕೂಡುವ ಸಹಕಾರಿ ಸಂಘದ ಕಚೇರಿಯಲ್ಲಿ ಒಂದು ಅಳೆಯುವ ಯಂತ್ರವನ್ನಿಟ್ಟರೆ ಖರ್ಚು ಅಲ್ಪವೇ. ಅಳೆಯುವ ಅರ್ಧ ಗಂಟೆಯ ಒಳಗೆ ಚಹ, ತಂಬಾಕು ಕೂಡದು. ಐದು ನಿಮಿಷ ಒರಗಿ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಎರಡು ಸಲ ಅಳೆಯಬೇಕು. ಹೆಂಗಸರನ್ನು ಕಡೆಗೆ ಕರೆಯುವ, ಇಲ್ಲವೆ ಕರೆಯದೆಯೇ ಇರುವ ರೂಢಿಯು ಬಹಳ ಊರುಗಳಲ್ಲಿದೆ. ಮೇಲಿನ ಅಂಕಿಗಳನ್ನು ನೋಡಿದರೆ ಅದಕ್ಕೆ ಆಧಾರವಿಲ್ಲ. ಬಸುರಿಯರಲ್ಲಂತೂ ಈ ಒತ್ತಡವು ತಾಯಿ ಮಗು ಇಬ್ಬರ ಪ್ರಾಣಕ್ಕೂ ಬರುವಂಥದು.

ಜಾತ್ರೆ, ಮದುವೆಗಳ ಪಂಕ್ತಿಯಲ್ಲಿ ಉಪ್ಪನ್ನು ಎಲೆಯ ತುದಿಗೆ ಕೇಳದೆ ಬಡಿಸುವುದನ್ನು ನಿಲ್ಲಿಸಬಹುದು. ಬೇಕಾದವನು ಕೇಳಿ ಹಾಕಿಸಿಕೊಳ್ಳಲಿ.

ಇಷ್ಟೆಲ್ಲದರ ಮೇಲೆಯೂ ಯಾರಿಗಾದರೂ ಬಾಯಿ ಸೊಟ್ಟಾಗಿ, ಕೈ ಬಿದ್ದು, ಮಾತು ತೊದಲಿದರೆ ಎಣ್ಣೆ ತಿಕ್ಕಿಸುವುದಕ್ಕೂ ನಾಟಿ ಔಷಧ ಹಾಕಿಸುವುದಕ್ಕೂ ಊರೂರು ತಿರುಗಿ ಹೊತ್ತು ಕಳೆಯಬಾರದು. ಗಡ್ಡೆಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕಾಗಿದ್ದು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಸಿಂದಗಿ, ಮುದ್ದೇಬಿಹಾಳದ ಒಳಹಳ್ಳಿಗಳಿಂದ ವಿಜಯಪುರ ಮುಟ್ಟುವುದಕ್ಕೇ ಅದರಲ್ಲಿ ಒಂದು ದೊಡ್ಡ ಪಾಲು ಹೋಗುವುದು. ಬೇನೆ ಕಂಡ ಗಳಿಗೆಯನ್ನು ಗುರುತಿಟ್ಟುಕೊಂಡು ಆಗಲೇ ೧೦೮ಕ್ಕೆ ಕರೆ ಮಾಡತಕ್ಕದ್ದು.